ಬರೀ ನೆಗಡಿ ಎನ್ನಬೇಡಿ

ಆ ಮಗುವನ್ನು ನೀವು ನೋಡಿದ್ದೀರಿ. ನಿಮ್ಮ ಮನೆಯದೇ ಇರಬಹುದು, ನೀವು ಪಾಠ ಹೇಳುವ ತರಗತಿಯದಿರಬಹುದು. ಎದ್ದೊಡನೆ ಸಾಲು ಸೀನು. ಅಂಗೈಯಿಂದ ಮೂಗು ಮೇಲಕ್ಕೊತ್ತಿ ಉಜ್ಜಿ ಉಜ್ಜಿ ಅದರ ಮೇಲೊಂದು ಅಡ್ಡಗೆರೆ. ಕಣ್ಣ ಕೆಳಗೆ ಕಪ್ಪು. ರಾತ್ರಿಯಿಡೀ ಬಾಯಿ ತೆರೆದೇ ಉಸಿರು. ಮಳೆಗಾಲ ಕಳೆದು ಚಳಿ ಬಂದರೂ, ಚಳಿ ಕಳೆದು ಬೇಸಿಗೆ ಬಂದರೂ ಮೂಗು ಬಿಡುವುದಿಲ್ಲ. ಬರೀ ನೆಗಡಿ ಅಂದಿರಿ. ವರ್ಷವಿಡೀ ಇರುವ ನೆಗಡಿ ಬರೀ ನೆಗಡಿಯಲ್ಲವೆಂದು ನಿಮಗೆ ಗೊತ್ತಿತ್ತು.

ಹೆಚ್ಚಾಗಿ ಅದು ಅಲರ್ಜಿ: ಹಾಸಿಗೆ ದಿಂಬಿನ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳು, ಜಿರಳೆ, ಗೋಡೆಯ ಬೂಷ್ಟು, ನಮ್ಮ ಬೆಂಗಳೂರಿನಲ್ಲಾದರೆ ಖಾಲಿ ಸೈಟುಗಳ ಕಾಂಗ್ರೆಸ್ ಗಿಡದ ಪರಾಗವೂ. ಮಗು ದೂರುವುದಿಲ್ಲ, ಏಕೆಂದರೆ ಸಲೀಸಾಗಿ ಉಸಿರಾಡುವುದು ಹೇಗಿರುತ್ತದೆಂದೇ ಅದಕ್ಕೆ ತಿಳಿಯದು. ನಿದ್ದೆಗೆಟ್ಟು ತರಗತಿಯಲ್ಲಿ ತೂಕಡಿಸಿದರೆ ಸೋಮಾರಿ ಅನ್ನುತ್ತೇವೆ. ಕಿವಿಯೊಳಗೆ ನೀರು ತುಂಬಿ ಮಾತು ಮಂದವಾಗಿ ಕೇಳಿಸುವ ಮಗುವನ್ನು ಹೇಳಿದ್ದು ಕೇಳುವುದಿಲ್ಲವೆಂದು ಗದರುತ್ತೇವೆ. ಕೆಲವು ಮಕ್ಕಳ ಎದೆಯಲ್ಲಿ ಮುಂದೆ ಆಸ್ತಮಾದ ಸುಯ್ಲು ಕೇಳಿಸಿದಾಗಲೂ ಬರೀ ನೆಗಡಿ ಅನ್ನುತ್ತೇವೆ.

ಔಷಧವಿದೆ, ದಯವಿಟ್ಟು ಕೇಳಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಹಳೆಯ ಶೀತದ ಸಿರಪ್ಪುಗಳಲ್ಲಿರುವ ಕ್ಲೋರ್‌ಫೆನಿರಮೈನ್ ಮಗುವನ್ನು ಮಂಪರಿಗೆ ತಳ್ಳುತ್ತದೆ. ಲೊರಾಟಡಿನ್, ಫೆಕ್ಸೊಫೆನಡಿನ್‌ನಂಥ ಹೊಸ ಆಂಟಿಹಿಸ್ಟಮಿನ್‌ಗಳಲ್ಲಿ ಆ ಮಂಪರು ತೀರ ಕಡಿಮೆ. ಸೀನು, ತುರಿಕೆ, ಸುರಿಯುವ ಮೂಗನ್ನು ಅವು ತಡೆಯುತ್ತವೆ, ಆದರೆ ಕಟ್ಟಿದ ಮೂಗಿಗೆ ಅಷ್ಟು ಸಾಲವು. ಅದಕ್ಕೇ ಮೊಮೆಟಸೋನ್, ಫ್ಲುಟಿಕಸೋನ್ ಎಂಬ ಸ್ಟಿರಾಯ್ಡ್ ಸ್ಪ್ರೇ. ಸ್ಟಿರಾಯ್ಡ್ ಎಂಬ ಹೆಸರಿಗೇ ನೀವು ಬೆಚ್ಚುತ್ತೀರಿ, ಅದು ಪ್ರೀತಿಯ ಭಯವೇ. ಆದರೆ ಈ ಸ್ಪ್ರೇ ಮೂಗಿನೊಳಗೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಕೆಲವರಿಗೆ ಮೂಗಿನಲ್ಲಿ ರಕ್ತ ಬರಬಹುದು. ಬಹುಕಾಲ ಬಳಸುವ ಮಕ್ಕಳ ಎತ್ತರವನ್ನು ವೈದ್ಯರು ಗಮನಿಸುತ್ತಿರಬೇಕು. ಪೂರ್ತಿ ಗುಣ ತೋರಲು ಅದಕ್ಕೆ ಕೆಲವು ದಿನ, ಒಮ್ಮೊಮ್ಮೆ ವಾರಗಳೇ ಬೇಕು. ನೀವೋ ಮೂರನೇ ದಿನಕ್ಕೇ ಕೈಬಿಟ್ಟು, ಥಟ್ಟನೆ ಮೂಗು ಬಿಡಿಸುವ ಹನಿಗಳಿಗೆ ಮರಳುತ್ತೀರಿ. ಆ ಹನಿಗಳನ್ನು ದಿನಗಟ್ಟಲೆ ಹಾಕಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ.

ಮಗುವನ್ನು ವೈದ್ಯರಿಗೆ ತೋರಿಸಿ. ಅವರು ಸ್ಪ್ರೇ ಬರೆದುಕೊಟ್ಟರೆ ದಿನವೂ ತಪ್ಪದೆ ಹಾಕಿ: ತಲೆ ತುಸು ಮುಂದಕ್ಕೆ ಬಾಗಿರಲಿ, ನಳಿಕೆಯ ತುದಿ ಮೂಗಿನ ನಡುಗೋಡೆಯತ್ತಲ್ಲ, ಅದೇ ಬದಿಯ ಕಿವಿಯತ್ತ ತಿರುಗಿರಲಿ. ನಿಮ್ಮ ಮನೆಯ ಧೂಳು ಗುಡಿಸಲು ಬರುವಾಕೆಯನ್ನೂ ಕೇಳಿ, ಅವಳ ಮಗುವೂ ಹೀಗೇ ಸೀನುತ್ತದೆಯೇ ಎಂದು. ಹೌದೆಂದರೆ ಅದನ್ನೂ ಜೊತೆಗೆ ಕರೆದೊಯ್ಯಿರಿ.