ಸೀಸದ ಸುರುಳಿಯೂ ನಮ್ಮ ಕೊರಳ ತಾಯಿತವೂ

ದಕ್ಷಿಣ ಇರಾಕ್ ಮತ್ತು ಇರಾನಿನ ಖೂಝಿಸ್ತಾನದ ನದೀತೀರಗಳಲ್ಲಿ ಬಾಳಿಬಂದ ಮಾಂಡಿಯನ್ನರನ್ನು ಮಾಟಗಾರರೆಂದು ಹಳಿಯುವವರು ನಮ್ಮಲ್ಲಿದ್ದಾರೆ. ಅದಕ್ಕೆ ಅವರು ತೋರುವ ಸಾಕ್ಷ್ಯ: ರಕ್ಷಾಮಂತ್ರ ಕೊರೆದ ಸೀಸದ ಸುರುಳಿಗಳು, ಸಿಂಹ, ಚೇಳು, ಹಾವುಗಳ ಚಿತ್ರವುಳ್ಳ, ಹೊಸ ಗೋರಿಯ ಮೇಲೆ ಒತ್ತುವ 'ಸ್ಕಂದೋಲ' ಎಂಬ ಕಬ್ಬಿಣದ ಮುದ್ರೆ.

ಇಷ್ಟೇ ಅವರ ಧರ್ಮವೇ? ಅವರ ಉಪಾಸನೆಯ ಜೀವಾಳ ಹರಿಯುವ ನೀರಿನಲ್ಲಿ ಮಾಡುವ ಪವಿತ್ರ ಸ್ನಾನ. ಅವರ ಧರ್ಮಗ್ರಂಥ 'ಗಿನ್ಝಾ' ಮಾಟವನ್ನು ಖಂಡಿಸುತ್ತದೆ. ಆದರೂ ಕೆಡುಕಿನ ಭಯ ಜನರ ಕೈಗೆ ತಾಯಿತವನ್ನಿತ್ತಿತು.

ನಮ್ಮಲ್ಲಿ ನಡೆದಿರುವುದೂ ಇದೇ ಅಲ್ಲವೇ? ತಾಯಿತ ತೂಗಹಾಕುವುದು ಶಿರ್ಕ್ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಕುರ್‌ಆನ್ ವಚನಗಳ ತಾಯಿತದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ನಿಜ. ಆದರೆ ಅರ್ಥವಾಗದ ಅಂಕೆ-ಚೌಕಗಳ ತಾಯಿತಕ್ಕೆ ಯಾವ ಆಧಾರವಿದೆ?

ಇರಾಕಿನ ಮುಸ್ಲಿಮರು ಇವರನ್ನು ಸಾಬಿಯರೆಂದೇ ಕರೆಯುತ್ತಾರೆ; ಪವಿತ್ರ ಕುರ್‌ಆನ್ ಮೂರು ಕಡೆ ಉಲ್ಲೇಖಿಸಿದ ಹೆಸರದು. 2003ರ ಬಳಿಕ ಕೊಲೆ, ಅಪಹರಣಗಳಿಗೆ ಬೆದರಿ ಇರಾಕಿನ ಮಾಂಡಿಯನ್ನರಲ್ಲಿ ಬಹುಪಾಲು ಜನ ನಾಡು ತೊರೆದರು. ಅಂತಹ ಸಮುದಾಯಕ್ಕೆ ಮಾಟಗಾರರೆಂಬ ಹಣೆಪಟ್ಟಿ ಹಚ್ಚುವುದು ಅನ್ಯಾಯ, ಅಪಾಯ.

ರಕ್ಷಿಸುವವನು ಅಲ್ಲಾಹು ಮಾತ್ರ. ಈ ಸತ್ಯವನ್ನು ಪರರಿಗೆ ಬೋಧಿಸುವ ಮುನ್ನ ನಮ್ಮ ಮಕ್ಕಳ ಕೊರಳಿನ ದಾರವನ್ನು ಬಿಚ್ಚೋಣ.