ಸೇಂದಿಗೊಂದು ಸ್ಟಾಕ್ ಸ್ಟೇಟ್‌ಮೆಂಟ್ ಕೇಳಿ ಸ್ವಾಮಿ

ಮೊನ್ನೆ ಭಾನುವಾರ ಅಣ್ಣನ ಮಗ ನಮ್ಮ ಮೆಹದಿಪಟ್ಟಣಂ ಮನೆಗೆ ಊಟಕ್ಕೆ ಬಂದಿದ್ದ. ಆಫೀಸಿನ ಕೆಲಸಕ್ಕೆ ಬ್ರಸೆಲ್ಸ್‌ಗೆ ಹೋಗಿ ಬಂದ ಹುಡುಗ. "ಕಾಕಾ, ಅಲ್ಲಿ ಲ್ಯಾಂಬಿಕ್ ಅಂತ ಒಂದು ಬಿಯರ್ ಅದ. ಯೀಸ್ಟ್ ಹಾಕೂದೇ ಇಲ್ಲ. ಕುದಿಸಿದ ರಸಾನ ಅಗಲ ತೊಟ್ಟಿಗೆ ಸುರಿದು ರಾತ್ರಿಯೆಲ್ಲ ತೆರೆದಿಡ್ತಾರ, ಗಾಳಿಯೊಳಗಿನ ಯೀಸ್ಟೇ ಬಂದು ಹುಳಿ ಬರಸ್ತದ" ಅಂತ ಕಣ್ಣರಳಿಸಿ ಹೇಳಿದ. ನನಗೆ ನಗು ತಡೀಲಿಲ್ಲ. ಲೇ, ಇದು ನಮ್ಮ ಸೇಂದಿ ಅಲ್ಲೇನೋ!

ಒಪ್ಪಿದೆ, ಅವರದು ಬಾರ್ಲಿ, ಗೋಧಿ. ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡ್ತಾರೆ. ನಮ್ಮದು ಈಚಲ ರಸ, ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ. ಯೀಸ್ಟ್ ಮಾತ್ರ ಎರಡೂ ಕಡೆ ಕರೆಯದೇ ಬಂದ ನೆಂಟ. ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಹೈದರಾಬಾದಿನ ಸೇಂದಿ ಅಂಗಡಿಗಳನ್ನು ಸರ್ಕಾರ 2004ರಲ್ಲಿ ಮುಚ್ಚಿಸಿತು, 2014ರಲ್ಲಿ ಮತ್ತೆ ತೆರೆಸಿತು. ಎರಡು ಸಲವೂ ಮಾತಾಡಿದ್ದು ಅಂಗಡಿಯ ಬಾಗಿಲ ಬಗ್ಗೆ. ಗಡಿಗೆಯೊಳಗೆ ಏನಿದೆ ಅನ್ನೋದು ಹಾಗೇ ಉಳಿಯಿತು.

ನಾನು ಬಿ.ಕಾಂ. ಮನುಷ್ಯ, ನನಗೆ ತಿಳಿಯೋದು ಲೆಕ್ಕ. ಕಿರಾಣಿ ಅಂಗಡಿಯವನಿಗೆ ಬ್ಯಾಂಕಿನಿಂದ ಸಾಲ ಕೊಟ್ಟರೂ ತಿಂಗಳಾ ತಿಂಗಳಾ ಸ್ಟಾಕ್ ಸ್ಟೇಟ್‌ಮೆಂಟ್ ಕೇಳ್ತೀವಿ. ಈ ನಗರದ ಸುತ್ತ ಮರ ಎಷ್ಟು, ಒಂದು ಮರ ದಿನಕ್ಕೆ ಕೊಡೋ ರಸ ಎಷ್ಟು, ಅಂಗಡಿಯಲ್ಲಿ ಮಾರಿದ್ದೆಷ್ಟು? ಮೂರೇ ಕಾಲಂ. ತಾಳೆ ಆಗದಿದ್ದರೆ ಮಿಕ್ಕಿದ್ದು ಮರದಿಂದ ಇಳಿದದ್ದಲ್ಲ. ನೀರು, ಸ್ಯಾಕರಿನ್, ಕ್ಲೋರಲ್ ಹೈಡ್ರೇಟ್, ಆಲ್ಪ್ರಜೋಲಂ. 2025ರ ಜುಲೈನಲ್ಲಿ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತರಲ್ಲ, ಪೊಲೀಸರು ಬಂದದ್ದು ಆಮೇಲೆ. ಏಕಾಏಕಿ ನಿಲ್ಲಿಸಿದರೂ ಕಷ್ಟವೇ. 2015ರಲ್ಲಿ ತೆಲಂಗಾಣದ ಜಿಲ್ಲೆಗಳಲ್ಲಿ ಕಲಬೆರಕೆ ಮೇಲೆ ದಾಳಿಯಾದಾಗ, ಪುಡಿಗೆ ಅಂಟಿಕೊಂಡಿದ್ದವರು ಕೈಕಾಲು ನಡುಗಿ, ಏನೇನೋ ಬಡಬಡಿಸಿ ಆಸ್ಪತ್ರೆ ತುಂಬಿದರು.

ನಮ್ಮಂಥವರಿಗೆ ಚಿಂತೆಯಿಲ್ಲ ಬಿಡಿ. 2023ರಲ್ಲಿ ಹುಸೇನ್ ಸಾಗರದ ದಂಡೆಯಲ್ಲಿ ಸರ್ಕಾರವೇ ನೀರಾ ಕೆಫೆ ತೆರೆಯಿತು. ಹುಳಿ ಬಾರದಂತೆ ತಂಪಾಗಿಟ್ಟ ರಸ. ಸೆಂಟ್ರಿಂಗ್ ಕೆಲಸ ಮುಗಿಸಿ ಬರುವವನಿಗೆ ಮಾತ್ರ ಪುಡಿ. ಅವನಲ್ಲಿ ನಮ್ಮ ಪಾಲಮೂರು, ರಾಯಚೂರು ಕಡೆಯವನೂ ಇದ್ದಾನೆ ಅನ್ನೋದನ್ನ ಇಲ್ಲಿನ ಕನ್ನಡಿಗರು ಮರೆಯಬಾರದು. ಯೆಂಡ್ಕುಡ್ಕ ರತ್ನನ ಪದಕ್ಕೆ ವೇದಿಕೆ ಮೇಲೆ ಚಪ್ಪಾಳೆ ತಟ್ಟುವವರು ನಾವೇ ಅಲ್ವೇ?

ಹುಡುಗ ಹೊರಡುವಾಗ ಕೇಳಿದ: "ಖರೇ ಸೇಂದಿ ಎಲ್ಲಿ ಸಿಗ್ತದ ಕಾಕಾ?" ಮರದ ಬುಡಕ್ಕೇ ಹೋಗಬೇಕು, ಅದೂ ಬೆಳಿಗ್ಗೆ ಆರಕ್ಕೆ ಅಂದೆ. ಅವನು ಏಳೋದೇ ಹತ್ತಕ್ಕೆ.