ದಾವಣಗೆರೆಗೆ ಹೀಟರ್ ಯಾಕೆ ಬೇಕು?

ಮೂರು ವರ್ಷದ ಹಿಂದೆ ನಮ್ಮ ಹಳೇ ಕಾರಿನ ಹೀಟರ್ ಕಾಕ್ ಸೋರೋಕೆ ಶುರುವಾಯ್ತು. ಡ್ಯಾಶ್‌ಬೋರ್ಡ್ ಕೆಳಗೆ ಮ್ಯಾಟ್ ಒದ್ದೆ, ಕಾರಿನೊಳಗೆ ಒಂಥರಾ ಸಿಹಿ ವಾಸನೆ. ಮೆಕ್ಯಾನಿಕ್ ನೋಡಿ ನಕ್ಕರು. "ದಾವಣಗೆರೆಗೆ ಹೀಟರ್ ಯಾಕೆ ಸಾರ್? ಬೈಪಾಸ್ ಮಾಡ್ಬಿಡ್ತೀನಿ" ಅಂದರು. ಹೀಟರ್‌ಗೆ ಹೋಗುವ ಮತ್ತು ಬರುವ ಎರಡು ಹೋಸ್‌ಗಳನ್ನು ಒಂದಕ್ಕೊಂದು ಸೇರಿಸಿ ಕ್ಲಿಪ್ ಬಿಗಿದರು. ಹತ್ತು ನಿಮಿಷದಲ್ಲಿ ಕೆಲಸ ಮುಗೀತು. ಬೇಸಿಗೆಯಲ್ಲಿ ಬೆಂದು ಹೋಗೋ ಊರಲ್ಲಿ ಹೀಟರ್ ಯಾರಿಗೆ ಬೇಕು ಅಂತ ನಾನೂ ಸುಮ್ಮನಾದೆ.

ಹೋದ ಮೇ ತಿಂಗಳು ಅಪ್ಪನನ್ನು ಕರೆದುಕೊಂಡು ಹರಿಹರಕ್ಕೆ ಹೊರಟಿದ್ದೆ. ಅತ್ತೆ ಮನೇಲಿ ಮಧ್ಯಾಹ್ನದ ಊಟ. ಹಳೇ ಪಿ.ಬಿ. ರಸ್ತೆಯಲ್ಲಿ ದೊಡ್ಡಬಾತಿ ದಾಟುವವರೆಗೂ ಏನೂ ತೊಂದರೆ ಇಲ್ಲ. ಹರಿಹರದ ಒಳಗೆ ಹೋಗ್ತಿದ್ದ ಹಾಗೆ ಟ್ರಾಫಿಕ್ ನಿಂತುಬಿಟ್ಟಿತು. ಐದು ನಿಮಿಷದಲ್ಲಿ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ರೇಡಿಯೇಟರ್ ಫ್ಯಾನ್ ತಿರುಗ್ತಾ ಇರಲಿಲ್ಲ. ಕಾರು ಓಡುವಾಗ ಎದುರು ಗಾಳಿ ರೇಡಿಯೇಟರನ್ನು ತಣಿಸುತ್ತಿತ್ತು, ಅದಕ್ಕೇ ಅಲ್ಲಿವರೆಗೆ ಗೊತ್ತಾಗಿರಲಿಲ್ಲ.

ಅಪ್ಪ ಹರಿಹರದ ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ದುಡಿದವರು. ಮುಳ್ಳು ನೋಡಿ, "ಎ.ಸಿ. ಆಫ್ ಮಾಡು, ಹೀಟರ್ ಫುಲ್ ಹಾಕು, ಕಿಟಕಿ ಇಳಿಸು" ಅಂದರು. ನಾಬ್ ತಿರುಗಿಸಿದೆ. ಬಂದಿದ್ದು ಬರೀ ಹೊರಗಿನ ಗಾಳಿ. ಬೈಪಾಸ್ ಮಾಡಿಸಿದ್ದು ಆಗ ನೆನಪಾಯ್ತು.

ಡ್ಯಾಶ್‌ಬೋರ್ಡ್ ಒಳಗಿರುವ ಹೀಟರ್ ಕೋರ್ ಅಂದ್ರೆ ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿ ಕೂಲಂಟ್ ಅದರೊಳಗೆ ಹರಿಯುತ್ತೆ, ಬ್ಲೋವರ್ ಅದರ ಮೇಲೆ ಗಾಳಿ ಊದುತ್ತೆ. ಆ ಹರಿವನ್ನು ತೆರೆದು ಮುಚ್ಚುವ ನಲ್ಲಿಯೇ ಹೀಟರ್ ಕಾಕ್. ಎಂಜಿನ್ ಕಾದಾಗ ಅದನ್ನು ಪೂರ್ತಿ ತೆರೆದರೆ ಸ್ವಲ್ಪ ಶಾಖ ಕಾರಿನೊಳಕ್ಕೆ ಬರುತ್ತೆ. ನಮಗೆ ಬೆವರು, ಎಂಜಿನ್ನಿಗೆ ಉಸಿರು. ಕಾರನ್ನು ಪಕ್ಕಕ್ಕೆ ತರೋಕೆ ಬೇಕಾದ ಕೆಲವು ನಿಮಿಷ ಸಿಗುತ್ತೆ, ಅಷ್ಟೇ. ಕೂಲಂಟ್ ಖಾಲಿಯಾಗಿದ್ದರೆ ಅದೂ ಇಲ್ಲ.

ನನಗೆ ಆ ನಿಮಿಷಗಳು ಸಿಗಲಿಲ್ಲ. ರಸ್ತೆ ಮಧ್ಯೆಯೇ ಎಂಜಿನ್ ಆಫ್ ಮಾಡಿದೆ. ಹಿಂದಿನಿಂದ ಹಾರ್ನ್. ಇಬ್ಬರು ಹುಡುಗರು ತಳ್ಳಿ ಪಕ್ಕಕ್ಕೆ ಹಾಕಿಕೊಟ್ಟರು. ಬಿಸಿಲಲ್ಲಿ ಮುಕ್ಕಾಲು ಗಂಟೆ ಕಾದೆವು. ಅಪ್ಪನಿಗೆ ಶುಗರ್, ಊಟದ ಹೊತ್ತು ಮೀರಿತ್ತು, ಕೈ ಸಣ್ಣಗೆ ನಡುಗ್ತಾ ಇತ್ತು. ಪಕ್ಕದ ಅಂಗಡಿಯಿಂದ ಬಿಸ್ಕತ್ತು ತಂದುಕೊಟ್ಟೆ. ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು.

ಮುಂದಿನ ವಾರ ಫ್ಯಾನ್ ಜೊತೆ ಹೀಟರ್ ಕಾಕ್ ಕೂಡ ಹೊಸದು ಹಾಕಿಸಿದೆ. ಕಾಕ್‌ಗೆ ಆದದ್ದು ನಾನೂರು ಚಿಲ್ಲರೆ ರೂಪಾಯಿ. ಅಪ್ಪ ಪಕ್ಕದಲ್ಲೇ ನಿಂತು ಮಾಡಿಸಿದರು. ನಾನು ಕಲಿತದ್ದು ಇಷ್ಟು:

ಎಂಜಿನ್ ಪೂರ್ತಿ ತಣ್ಣಗಾಗದೆ ರೇಡಿಯೇಟರ್ ಕ್ಯಾಪ್ ಮುಟ್ಟಬಾರದು. ಒಳಗೆ ಒತ್ತಡ ಇರುತ್ತೆ, ತೆರೆದರೆ ಕುದಿಯುವ ಕೂಲಂಟ್ ಮುಖಕ್ಕೇ ಹಾರುತ್ತೆ. ಬಿಚ್ಚುವ ಮೊದಲು ಹೋಸ್ ಮತ್ತು ಕೇಬಲ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಹೋಸ್ ಅಂಟಿಕೊಂಡಿದ್ದರೆ ಜಗ್ಗಬೇಡಿ, ಹೀಟರ್ ಕೋರ್‌ನ ತೆಳು ಪೈಪ್ ಮುರಿದರೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾಗಬಹುದು. ಹೋಸನ್ನು ಉದ್ದಕ್ಕೆ ಸೀಳಿ ತೆಗೆದು ಹೊಸದು ಹಾಕೋದು ಒಳ್ಳೇದು. ಕಾಕ್ ಮೇಲೆ ಬಾಣದ ಗುರುತು ಇದ್ದರೆ ಕೂಲಂಟ್ ಹರಿಯುವ ದಿಕ್ಕಿಗೇ ಇರಬೇಕು. ಕ್ಲಿಪ್‌ಗಳೂ ಹೊಸವಿರಲಿ.

ಕೇಬಲ್ ಸಿಕ್ಕಿಸಿದ ಮೇಲೆ ನಾಬ್ 'ಕೋಲ್ಡ್'ಗೆ ಬಂದಾಗ ಕಾಕ್ ಪೂರ್ತಿ ಮುಚ್ಚುತ್ತಾ ನೋಡಿ. ಸ್ವಲ್ಪ ತೆರೆದಿದ್ದರೂ ಬೇಸಿಗೆಯಲ್ಲಿ ಎ.ಸಿ. ತಣ್ಣಗಾಗಲ್ಲ. ಎಷ್ಟೋ ಜನ ಗ್ಯಾಸ್ ಕಮ್ಮಿ ಅಂದುಕೊಂಡು ಅದಕ್ಕೆ ದುಡ್ಡು ಸುರಿಯುತ್ತಾರೆ. ಕೊನೆಗೆ ಕೂಲಂಟ್ ತುಂಬಿಸಿ, ಹೀಟರ್ ಫುಲ್ ಇಟ್ಟು ಎಂಜಿನ್ ಓಡಿಸಿ, ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುವಂತೆ ಮಾಡಬೇಕು. ಎರಡು ಮೂರು ದಿನ ಬೆಳಗ್ಗೆ ಕೂಲಂಟ್ ಮಟ್ಟ ನೋಡಬೇಕು. ಚೆಲ್ಲಿದ್ದನ್ನು ತಕ್ಷಣ ತೊಳೆದುಬಿಡಿ. ಕೂಲಂಟ್ ಸಿಹಿ ಇರುತ್ತೆ, ಆದರೆ ವಿಷ. ಬೀದಿ ನಾಯಿ ನೆಕ್ಕಿದರೆ ಸಾಯುತ್ತೆ.

ಹಳೇ ಕಾಕ್ ಬಿಚ್ಚಿದಾಗ ಒಳಗೆಲ್ಲ ಬಿಳಿ ಗಾರೆ ಕಟ್ಟಿಕೊಂಡಿತ್ತು. ಕೂಲಂಟ್ ಕಮ್ಮಿಯಾದಾಗಲೆಲ್ಲ ಬೋರ್‌ವೆಲ್ ನೀರು ಹಾಕ್ತಾ ಬಂದವನು ನಾನೇ. ಗಡಸು ನೀರಿನ ಲವಣ ಒಳಗೆ ಪದರ ಕಟ್ಟುತ್ತೆ. ಅದರ ಮೇಲೆ ವರ್ಷಗಟ್ಟಲೆ ನಾಬ್ ಮುಟ್ಟಿರಲಿಲ್ಲ, ಹಾಗಾಗಿ ಕಾಕ್ ಇದ್ದಲ್ಲೇ ಜಾಮ್ ಆಗಿತ್ತು. ಒಂದು ದಿನ ಜೋರಾಗಿ ತಿರುಗಿಸಿದಾಗ ಸೀಲ್ ಕಿತ್ತುಬಂದು ಸೋರೋಕೆ ಶುರುವಾಗಿತ್ತು. ಈಗ ಕಂಪನಿ ಹೇಳಿದ ಕೂಲಂಟ್, ಬೆರೆಸೋದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ.

ಎಲ್ಲಾ ಕಾರಲ್ಲೂ ಈ ಕಾಕ್ ಇರಲ್ಲ. ಹೊಸ ಕಾರುಗಳಲ್ಲಿ ಬಹಳಷ್ಟಕ್ಕೆ ಕೂಲಂಟ್ ಸದಾ ಹರೀತಾ ಇರುತ್ತೆ, ಒಳಗಿನ ಒಂದು ಮುಚ್ಚಳ ಬಿಸಿ ಗಾಳಿಯನ್ನು ತಡೆಯುತ್ತೆ. ನಿಮ್ಮದು ಯಾವುದು ಅಂತ ಮೊದಲು ಕೇಳಿಕೊಳ್ಳಿ.

ತಿಂಗಳಿಗೊಂದು ಭಾನುವಾರ ಬೆಳಗ್ಗೆ, ಬಿಸಿಲೇರುವ ಮುಂಚೆ, ನಾಬನ್ನು 'ಹಾಟ್'ಗೆ ತಿರುಗಿಸಿ ಐದು ನಿಮಿಷ ಬಿಡ್ತೀನಿ. ಅಪ್ಪ ಪಕ್ಕದಲ್ಲಿ ಕೂತು ವೆಂಟ್‌ಗೆ ಕೈ ಹಿಡಿದು, "ಬಿಸಿ ಬಂತು, ಆಫ್ ಮಾಡು" ಅಂತಾರೆ. ಆಮೇಲೆ ಬೆಣ್ಣೆ ದೋಸೆಗೆ ಹೋಗ್ತೀವಿ.